ಅಳುವಿನ ಹೆಸರು

ವಡ್ಡು ಊರಿನ ಜಂಬವ್ವನ ಮನೆಯ ಕಟ್ಟೆಯ ಮೇಲೆ ಕೂತು ಸ್ನೇಹಾ ಮೊಬೈಲಿನಲ್ಲಿ ಹಳೆಯ ಜೋಗುಳವೊಂದನ್ನು ಹಚ್ಚಿದಳು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಮುದುಕಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. ಅದು ಅವಳದೇ ದನಿ, ಹರೆಯದಲ್ಲಿ ಹಾಡಿದ್ದು.

ಸ್ನೇಹಾಳ ಕೆಲಸ ಹೊಸಪೇಟೆಯ ಒಂದು ಜನಪದ ಸಂಗ್ರಹದಲ್ಲಿ. ಹಳೆಯ ಕ್ಯಾಸೆಟ್ಟಿನ ಹಾಡುಗಳೆಲ್ಲ ವೆಬ್‌ಸೈಟಿಗೆ ಏರಿದ್ದವು, ಆದರೆ ಹುಡುಕಿದವರಿಗೆ ಒಂದೂ ಸಿಗುತ್ತಿರಲಿಲ್ಲ. ಕಂಪ್ಯೂಟರಿಗೆ ಹಾಡು ತಿಳಿಯುವುದಿಲ್ಲ. ಹಾಡಿನ ಬೆನ್ನಿಗೆ ಕಟ್ಟಿದ ವಿವರವನ್ನಷ್ಟೇ ಓದುತ್ತದೆ. ಹಾಡಿದವರು ಯಾರು, ಯಾವ ಊರು, ಎಂಥ ಹಾಡು ಎಂದು ಅದಕ್ಕೆ ಅರ್ಥವಾಗುವ ರೀತಿಯಲ್ಲಿ ಬರೆದುಕೊಡಬೇಕು. ಆ ವಿವರಕ್ಕೆ ಮೆಟಾಡೇಟಾ ಎನ್ನುತ್ತಾರೆ. ಈ ಜೋಗುಳಕ್ಕೆ ಊರಿನ ಹೆಸರೊಂದು ಬಿಟ್ಟರೆ ಏನೂ ಇರಲಿಲ್ಲ. ಗಾಯಕಿ ಎಂಬಲ್ಲಿ ‘ಅಜ್ಞಾತ’ ಎಂದಿತ್ತು. ಅದನ್ನು ಹಾಗೆಯೇ ಬಿಡಲು ಮನಸ್ಸಾಗದೆ ಸ್ನೇಹಾ ಬಸ್ಸು ಹತ್ತಿ ಬಂದಿದ್ದಳು. ದನಿ ಕೇಳಿದ ಊರ ಹೆಂಗಸರೇ ಈ ಮನೆ ತೋರಿಸಿದ್ದರು.

ಮೊಬೈಲಿನೊಳಗೆ ಹಾಡಿನ ನಡುವೆ ಕೂಸೊಂದು ಜೋರಾಗಿ ಅಳತೊಡಗಿತು. ಸ್ನೇಹಾಳಿಗೆ ಸಂಕೋಚವಾಯಿತು.

“ಅದನ್ನ ತೆಗಸ್ತೀನ್ರಿ ಅಮ್ಮ. ಹಾಡು ಚೊಲೊ ಕೇಳ್ತದ.”

ಜಂಬವ್ವ ಅವಳ ಕೈ ಹಿಡಿದಳು. “ತೆಗೀಬ್ಯಾಡವ್ವ. ಅಕಿ ನನ್ನ ಮಗಳು.”

ಹಂಪಮ್ಮ ಎಂದು ಹೆಸರಿಟ್ಟಿದ್ದರಂತೆ. ಈ ಹಾಡು ಕ್ಯಾಸೆಟ್ಟಿಗೆ ಹಾಡಿದ ವರ್ಷವೇ ಜ್ವರ ಬಂದು ಹೋಗಿಬಿಟ್ಟಿತಂತೆ ಕೂಸು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಗಂಡ ತೀರಿಕೊಂಡ ಮೇಲೆ, ಅವಳನ್ನು ಬಿಟ್ಟರೆ ಆ ಹೆಸರು ನೆನಪಿರುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಇದನ್ನೆಲ್ಲ ಹೇಳುವಾಗ ಮುದುಕಿಯ ಕಣ್ಣು ಮೊಬೈಲಿನ ಮೇಲೆಯೇ ಇತ್ತು.

ಸ್ನೇಹಾ ‘ಅಜ್ಞಾತ’ ಅಳಿಸಿ ‘ಜಂಬವ್ವ’ ಎಂದು ಬರೆದಳು. ಅಳುವ ಕೂಸಿಗೆಂದು ಅಲ್ಲಿ ಜಾಗವೇ ಇರಲಿಲ್ಲ. ಆಮೇಲೆ ‘ಜೊತೆಗೂಡಿದವರು’ ಎಂಬಲ್ಲಿ ‘ಹಂಪಮ್ಮ’ ಎಂದು ಸೇರಿಸಿದಳು. ಮೇಲಿನವರು ಕೇಳಿದರೆ ಉತ್ತರ ಕೊಟ್ಟರಾಯಿತು. ವೆಬ್‌ಸೈಟಿನಲ್ಲಿ ಆ ಹೆಸರನ್ನೇ ಹಾಕಿ ಹುಡುಕಿ, ಮುದುಕಿಯ ಮುಂದೆ ಹಿಡಿದಳು. ಅದೇ ಜೋಗುಳ ಬಂದು ನಿಂತಿತು.

ಹೆಸರು ಎಲ್ಲಿದೆ ಎಂದು ಕೇಳಿಕೊಂಡು ಜಂಬವ್ವ ಅದನ್ನು ಮೆಲ್ಲಗೆ ಬೆರಳಿನಿಂದ ಸವರಿದಳು.

“ಅಂದ್ರ, ಇನ್ನ ಯಾರು ಹುಡುಕಿದ್ರೂ ಸಿಗ್ತಾಳೇನವ್ವ ಅಕಿ?”

“ಸಿಗ್ತಾಳ್ರಿ.”

ಮುದುಕಿ ಸೆರಗಿನಿಂದ ಕೈ ಒರೆಸಿಕೊಂಡು ಹತ್ತಿರ ಸರಿದು ಕೂತಳು.

“ಹಂಗಾರ ಆ ಮೂರು ಅಕ್ಷರ ನನಗ ಕಲಿಸಿ ಹೋಗು.”