ಜೋಳದ ಮೇಲೆ ನಡೆಯಿರಿ

ಜಯನಗರದ ಆ ಗ್ಯಾಲರಿಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯುದ್ದಕ್ಕೂ ಬಿಳಿಜೋಳ ಹರಡಿದ್ದರು. ಪಕ್ಕದ ಗೋಡೆಯ ಮೇಲೆ ‘ದಯವಿಟ್ಟು ಕಲಾಕೃತಿಯ ಮೇಲೆ ನಡೆಯಿರಿ’ ಎಂದು ಬರೆದಿತ್ತು. ಪೋರ್ಚುಗಲ್‌ನಿಂದ ಒಂದು ಸೆಮಿಸ್ಟರ್ ಓದಲು ಬಂದಿದ್ದ ಹುಡುಗ ಹುಡುಗಿಯರು ಕರಕರ ಸದ್ದು ಮಾಡುತ್ತ ಒಬ್ಬರ ಹಿಂದೊಬ್ಬರು ದಾಟಿದರು. ಜೊತೆಗೆ ಬಂದಿದ್ದ ಮೇಷ್ಟ್ರು ಚಿದಾನಂದ್ ಸಾರ್ ಕೂಡ ದಾಟಿದರು. ಈಚೆ ಉಳಿದವನು ಸಿದ್ದಾರೂಢ ಒಬ್ಬನೇ. ಅವರಿಗೆಲ್ಲ ಚಿತ್ರ ತೋರಿಸಿ ವಿವರಿಸುವ ಹೊಣೆ ಅವನದೇ ಆಗಿತ್ತು.

ಆ ಹೊಣೆಯನ್ನು ಅವನೇ ಕೇಳಿ ಪಡೆದದ್ದು. ಅವನು ಓದುತ್ತಿದ್ದ ಬಿಳೇಕಹಳ್ಳಿಯ ಕಾಲೇಜಿನಿಂದ ಮುಂದಿನ ವರ್ಷ ಪೋರ್ಚುಗಲ್‌ಗೆ ಒಬ್ಬರನ್ನು ಕಳಿಸುವುದಿತ್ತು. ಯಾರನ್ನು ಎಂಬುದು ಸಾರ್ ಕೈಯಲ್ಲಿತ್ತು. ಅದಕ್ಕೇ ಬೆಳಗಿನಿಂದ ಕಂಡ ಕಂಡ ಚಿತ್ರದ ಮುಂದೆಲ್ಲ ನಿಂತು “ಸ್ಪೇಸ್”, “ಟೆನ್ಶನ್” ಎಂದು ಕೈಯಾಡಿಸುತ್ತ ಬಂದಿದ್ದ. ಕಪ್ಪು ಬಳಿದ ಒಂದು ಹಲಗೆಯಲ್ಲಿ ಮನುಷ್ಯನ ಒಂಟಿತನವನ್ನೂ ತೋರಿಸಿಕೊಟ್ಟಿದ್ದ. ಅದು ಕರೆಂಟಿನ ಪೆಟ್ಟಿಗೆಯ ಬಾಗಿಲೆಂದು ಗೊತ್ತಾಗುವ ಹೊತ್ತಿಗೆ ಇಬ್ಬರು ಬರೆದುಕೊಂಡೂ ಆಗಿತ್ತು.

“ಬಾರಯ್ಯಾ ಈ ಕಡೆ, ಇದನ್ನ ಎಕ್ಸ್‌ಪ್ಲೇನ್ ಮಾಡು,” ಸಾರ್ ಕರೆದರು.

ಸಿದ್ದಾರೂಢ ಕಾಲೆತ್ತಿದ. ಇಳಿಸಲಾಗಲಿಲ್ಲ. ರಾಶಿ ಮಾಡುವ ಕಣದೊಳಗೆ ಚಪ್ಪಲಿ ಮೆಟ್ಟಿಕೊಂಡು ಬಂದ ತಪ್ಪಿಗೆ ಅವ್ವ ಶಿವವ್ವ ತನ್ನ ಒಡಹುಟ್ಟಿದ ತಮ್ಮನನ್ನೇ ಊಟಕ್ಕೆ ಕೂರುವವರೆಗೂ ಬಯ್ದದ್ದನ್ನು ನೋಡಿ ಬೆಳೆದವನು. ಶೂ ಬಿಚ್ಚಿದರೆ ಮುಗಿದುಹೋಗುತ್ತಿತ್ತು. ಆದರೆ ಆ ಶೂ ಬಿಟಿಎಂನ ಪಿ.ಜಿ.ಯಲ್ಲಿ ಜೊತೆಗಿರುವ ಹನಮಂತನದು. ಹನಮಂತನ ಪಾದವೋ ಒಳ್ಳೇ ಮೊರದಂಥದ್ದು. ಕಳಚಿ ಬೀಳದಿರಲೆಂದು ಎರಡರ ಮೂತಿಗೂ ಹಳೇ ಪೇಪರಿನ ಉಂಡೆ ತುರುಕಿದ್ದ. ಸಾಲದ್ದಕ್ಕೆ ಕಾಲುಚೀಲದಿಂದ ಹೆಬ್ಬೆರಳು ಆಚೆ ಇಣುಕಿತ್ತು.

“ಕಾಲು ಉಳುಕಿದೆ ಸಾರ್,” ಎಂದುಬಿಟ್ಟ.

“ಯಾವಾಗ? ಈಗ ತಾನೆ ಮೆಟ್ಲು ಹಾರ್ಕೊಂಡ್ ಬಂದ್ಯಲ್ಲೋ!”

“ಅಲ್ಲೇ ಸಾರ್, ಉಳುಕಿದ್ದು.”

“ಯಾವ ಕಾಲು?” ಆಚೆಯಿಂದ ಇನೆಸ್ ಎಂಬ ಹುಡುಗಿ ಕನ್ನಡದಲ್ಲೇ ಕೇಳಿದಳು.

“ಬಲಗಾಲು,” ಎಂದು ಮುಖ ಕಿವುಚಿ ಕಾಲು ಹಿಡಿದುಕೊಂಡ.

“ಅದು ಎಡ,” ಎಂದಳು ಇನೆಸ್. ಆಟೋದವರಿಗೆ ದಾರಿ ಹೇಳಿ ಹೇಳಿ ಎಡ ಬಲ ಅವಳಿಗೆ ಪಕ್ಕಾ ಆಗಿತ್ತು.

ಎಲ್ಲರೂ ನಕ್ಕರು. ಸಾರ್ ನಗಲಿಲ್ಲ. “ಅಲ್ಲಿಂದ ಇಲ್ಲಿಗೆ ಬರಕ್ಕಾಗಲ್ಲ ಅಂತೀಯ. ಅಷ್ಟು ದೂರದ ದೇಶಕ್ಕೆ ನಿನ್ನ ಹೇಗಪ್ಪಾ ಕಳಿಸ್ಲಿ? ಕೂತ್ಕೋ ಅಲ್ಲೇ, ಬೇರೆ ಯಾರನ್ನಾದ್ರೂ ನೋಡ್ತೀನಿ.”

ಸಿದ್ದಾರೂಢ ಕೂತ. ಕೂತವನು ಜೋಳ ನೋಡಿದ, ಸಾರ್ ಮುಖ ನೋಡಿದ, ಹನಮಂತನ ಶೂ ನೋಡಿದ. ಇನ್ನು ಹೋಗುವ ಮಾನ ಏನೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಲೇಸು ಬಿಚ್ಚಿದ. ಪೇಪರಿನ ಉಂಡೆಗಳು ಒಂದು ಅತ್ತ, ಒಂದು ಇತ್ತ ಉರುಳಿದವು. ಕಾಲುಚೀಲ ಜೇಬಿಗೆ ಸೇರಿತು. ನಾಲ್ಕು ಕಾಳು ಎತ್ತಿ ಕಣ್ಣಿಗೊತ್ತಿಕೊಂಡು ಜೋಳಕ್ಕೆ ಇಳಿದ.

ಆಮೇಲೆ ಕಾಲು ಅವನನ್ನು ಕೇಳಲಿಲ್ಲ. ಅಂಗಳದಲ್ಲಿ ಒಣಹಾಕಿದ ಕಾಳನ್ನು ತಿರುವುವ ಹಾಗೆ ಪಾದ ಎಳೆಯುತ್ತ ಆಚೆ ತುದಿಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಸಾಲಿನ ಪಕ್ಕ ಸಾಲು ಬಿತ್ತು. ಅಷ್ಟೂ ಶೂ ಗುರುತುಗಳು ಅಳಿಸಿಹೋದ ಮೇಲೆಯೇ ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂಬುದು ಅವನಿಗೆ ಹೊಳೆದದ್ದು.

“ಇದರ ಅರ್ಥ ಏನು?” ಇನೆಸ್ ಪಿಸುಗುಟ್ಟಿದಳು.

ಬಾಯಿಪಾಠ ಮಾಡಿದ್ದ ಇಂಗ್ಲಿಷು ಒಂದೂ ಬಾಯಿಗೆ ಬರಲಿಲ್ಲ. “ಅರ್ಥ ಏನಿಲ್ರೀ. ಹಿಂಗ ಆಡಿಸಿದ್ರ ತಳದ ಜ್ವಾಳಾನೂ ಒಣಗತಾವ,” ಎಂದ.

ಬಿಸಿಲೇ ಬಾರದ ಆ ಕೋಣೆಯಲ್ಲಿ ಎ.ಸಿ. ಗುಂಯ್‌ಗುಡುತ್ತಿತ್ತು.

ಚಿದಾನಂದ್ ಸಾರ್ ಬಗ್ಗಿ ಆ ಸಾಲುಗಳನ್ನು ನೋಡಿದರು. “ಶೂ ಯಾರ್ದಯ್ಯಾ?”

“ರೂಮ್‌ಮೇಟ್‌ದು ಸಾರ್.”

“ಪೋರ್ಚುಗಲ್‌ಗೂ ಅವನ್ದೇ ಹಾಕ್ಕೊಂಡ್ ಹೋಗ್ತೀಯೋ, ಇಲ್ಲಾ ನಿಂದೂ ಅಂತ ಒಂದು ತಗೋತೀಯೋ?”

ಹೊರಡುವಾಗ ಎಷ್ಟು ಹುಡುಕಿದರೂ ಪೇಪರಿನ ಉಂಡೆ ಒಂದೇ ಸಿಕ್ಕಿತು. ಒಂದು ಶೂ ಪಟಕ್ ಪಟಕ್ ಎಂದು ಬಡಿಯುತ್ತಿದ್ದರೆ, ಸಿದ್ದಾರೂಢ ಮೆಟ್ರೋವರೆಗೂ ನಿಜವಾಗಿಯೇ ಕುಂಟಿಕೊಂಡು ನಡೆದ. ಹಿಂದಿನಿಂದ ಇನೆಸ್ ಕೂಗಿದಳು:

“ಈಗ ಸರಿ! ಇದು ಬಲ!”