ಕಮಲಾಪುರದ ಗೊನೆ

ಮೇಲಿನ ಕೋಣೆಯ ಬಾಡಿಗೆಯ ಹುಡುಗಿ ನಕಾಟೊ ಎರಡೂ ಕೈಯಲ್ಲಿ ತಾಟು ಹಿಡಿದು ಮೆಟ್ಟಿಲಿಳಿದು ಬಂದಳು. ಮುಚ್ಚಿದ್ದ ಬಾಳೆ ಎಲೆಯನ್ನು ಸರಿಸಿದಾಗ ಹಬೆ ಎದ್ದಿತು. ಮನೆಯ ಒಡತಿ ಬಂಡಮ್ಮ ಬಗ್ಗಿ ನೋಡಿದಳು. ಹಳದಿ ಮುದ್ದೆ, ಮೇಲೆ ಶೇಂಗಾದ ಗಟ್ಟಿ ಸಾರು.

"ಏನಿದು?"

"ಬಾಳೆ," ಎಂದಳು ನಕಾಟೊ. ಅವಳು ಕಲಿತಿದ್ದ ಹತ್ತು ಹದಿನೈದು ಕನ್ನಡ ಪದಗಳಲ್ಲಿ ಅದೂ ಒಂದು. ಮೇಲಿನ ಕೋಣೆಯ ಕಡೆ ಕೈ ತೋರಿಸಿ, ಎದೆ ಮುಟ್ಟಿಕೊಂಡು, "ಥ್ಯಾಂಕ್ಸ್ ರೀ," ಎಂದಳು.

ಬಂಡಮ್ಮ ಮೆಟ್ಟಿಲು ಹತ್ತಿದಳು. ತಗಡಿನ ಕೋಣೆಯ ಮೂಲೆಯಲ್ಲಿ ಗೊನೆಯ ದಿಂಡು ಬಿದ್ದಿತ್ತು. ಅದರ ತುದಿಯಲ್ಲಿ ನಾಲ್ಕು ಕೆಂಪು ಕಾಯಿ ಉಳಿದಿದ್ದವು. ಮಗಳ ಉಡಿ ತುಂಬಲು ಐದು ಬೇಕು.

"ಕಸ್ತೂರಿ, ನೋಡ ಬಾ," ಎಂದು ಅಲ್ಲಿಂದಲೇ ಮಗಳನ್ನು ಕರೆದಳು. "ಶುಕ್ರವಾರ ನಿನ್ನ ಕುಬಸಕ್ಕಂತ ನಿಮ್ಮ ಮಾವ ಕಮಲಾಪುರದಿಂದ ಕಳಿಸಿದ ಗೊನಿ. ತಗಡಿನ ಕಾವಿಗೆ ಹಣ್ಣಾಗಲಿ ಅಂತ ಇಲ್ಲಿಟ್ಟಿದ್ದೆ. ಕುದಿಸಿಬಿಟ್ಟಾಳ."

ಸೀಮಂತಕ್ಕೆಂದು ತವರಿಗೆ ಬಂದಿದ್ದ, ಏಳು ತಿಂಗಳ ಹೊಟ್ಟೆ ಹೊತ್ತ ಕಸ್ತೂರಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಕೆಳಗೇ ನಿಂತು ನಕಾಟೊಳನ್ನು ಇಂಗ್ಲಿಷಿನಲ್ಲಿ ಕೇಳಿದಳು, ಉತ್ತರವನ್ನು ಅವ್ವನಿಗೆ ಒಪ್ಪಿಸಿದಳು. "ಈಕಿ ಅಜ್ಜಿ ಊರಾಗ ಹೊಸಬರ ಕೋಣ್ಯಾಗ ಹಸಿ ಗೊನಿ ಇಟ್ರ, ಇಲ್ಲೇ ಇರು ಅಂದಂಗಂತ. ಅದನ್ನ ಬೇಯಿಸಿ ಮೊದಲನೇ ತಾಟು ಇಟ್ಟವ್ರಿಗೇ ಕೊಡಬೇಕಂತ. ನೀ ಇರು ಅಂದಿ ಅಂತ ತಿಳ್ಕೊಂಡಾಳ, ಯವ್ವಾ."

ಬಂಡಮ್ಮ ಹಾಗೆ ಅಂದಿರಲಿಲ್ಲ. ಉಗಾಂಡಾದಿಂದ ಓದಲು ಬಂದ ಈ ಹುಡುಗಿಗೆ ಕಲಬುರಗಿಯಲ್ಲಿ ಏಳು ಮನೆಯವರು ಇಲ್ಲವೆಂದ ಮೇಲೆ, ಊರ ಹೊರಗಿನ ಶರಣಸಿರಸಗಿಯ ಈ ಕೋಣೆಯನ್ನೇನೋ ಅವಳು ಕೊಟ್ಟಿದ್ದಳು. ಆದರೆ ವಿದೇಶಿಯರು ಪೊಲೀಸ್ ಕಚೇರಿಗೆ ಕೊಡಬೇಕಾದ ಫಾರ್ಮಿಗೆ ಸಹಿ ಹಾಕದೆ ಒಂಬತ್ತು ದಿನ ಮುಂದೂಡಿದ್ದಳು. ಶನಿವಾರ ಕೊನೆಯ ದಿನ. ಮನೆಯೊಡತಿಯ ಸಹಿ ಇಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ಓದೂ ಇಲ್ಲ.

"ಪೊಲೀಸರ ಕಾಗದಕ್ಕ ಸಹಿ ಹಾಕು ಅಂತ ಬೆನ್ನು ಹತ್ತ್ಯಾಳ, ಮ್ಯಾಲೆ ಮಗಳ ಉಡಿ ಬಾಳಿಹಣ್ಣಿಗೂ ಕೈ ಹಾಕ್ಯಾಳ," ಎನ್ನುತ್ತ ಬಂಡಮ್ಮ ಇಳಿದು ಬಂದಳು. "ಬ್ಯಾರೆ ಕೋಣಿ ನೋಡ್ಕೊ ಅಂತ ಹೇಳು."

ಕಸ್ತೂರಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಂಡಮ್ಮನ ಮುಖ ನೋಡಿಯೇ ನಕಾಟೊಳ ಕೈಯಲ್ಲಿನ ತಾಟು ವಾಲಿತ್ತು. ಅದು ಬೀಳದಂತೆ ಹಿಡಿದುಕೊಂಡ ಕಸ್ತೂರಿಯ ಬೆರಳಿಗೆ ಸಾರು ತಾಗಿತು. ನೆಕ್ಕಿದಳು. ಆಮೇಲೆ ಒಂದು ತುತ್ತು ಮುರಿದಳು. ಆಮೇಲೆ ತಾಟು ಇಸಿದುಕೊಂಡು ಹೊಸ್ತಿಲ ಮೇಲೆ ಕುಳಿತಳು.

ಬಂಡಮ್ಮ ಕಾದಳು. ಬಸುರಿಯಾದಾಗಿನಿಂದ ಕಸ್ತೂರಿಯ ಹೊಟ್ಟೆಯಲ್ಲಿ ರೊಟ್ಟಿ ನಿಂತಿರಲಿಲ್ಲ, ಅನ್ನ ನಿಂತಿರಲಿಲ್ಲ. ಈಗ ಓಡುತ್ತಾಳೆ, ಬಚ್ಚಲಿಗೆ ಓಡುತ್ತಾಳೆ ಎಂದು ನೀರಿನ ತಂಬಿಗೆ ಹಿಡಿದು ನಿಂತಳು. ಕಸ್ತೂರಿ ಬೆರಳಿನಿಂದ ತಾಟು ಒರೆಸಿ ತಿಂದು ತಲೆ ಎತ್ತಿದಳು.

"ಮ್ಯಾಲೆ ಇನ್ನಾ ಅದ ಏನು, ಕೇಳವ್ವ."

"ನೀ ಕೇಳ. ನನಗ ಇಂಗ್ಲಿಷ್ ಬರತದ?"

ಇಡೀ ಓಣಿಗೆ ಹಂಚಲೆಂದು ಮಾಡಿದ್ದು. ಪಾತ್ರೆ ತುಂಬ ಇತ್ತು.

ಮರುದಿನ ಬಂಡಮ್ಮ ನಕಾಟೊಳನ್ನು ಕಮಲಾಪುರಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕಂಡಕ್ಟರು ಆಧಾರ್ ಕೇಳಿದ. "ನಮ್ಮಾಕೀನೇ ಇದಾಳ್ರೀ," ಎಂದಳು ಬಂಡಮ್ಮ. ಆತ ನಕ್ಕು, ಬಂಡಮ್ಮನಿಗೆ ಪುಕ್ಕಟೆ ಚೀಟಿಯನ್ನೂ ನಕಾಟೊಗೆ ದುಡ್ಡಿನ ಟಿಕೆಟನ್ನೂ ಹರಿದುಕೊಟ್ಟ. ತೋಟದಲ್ಲಿ ಬಂಡಮ್ಮನ ತಮ್ಮ ಬೀರಲಿಂಗ ಕುಡುಗೋಲು ಹಿಡಿದು, "ಕಳಿಸಿದ್ದು ಸಾಲಲಿಲ್ಲೇನು?" ಎಂದ.

"ಎರಡು ಕೊಡ. ಒಂದು ಹಣ್ಣಾಗಿದ್ದು, ಉಡಿಗೆ. ಒಂದು ಹಸೀದು, ಒಲಿಗೆ."

"ಯಾರು ಹೊರತಾರ?"

"ತಿಂದಾಕಿ ಹೊರತಾಳ."

ಬಸ್ ನಿಲ್ದಾಣದ ತನಕ ನಕಾಟೊ ಒಂದನ್ನು ತಲೆಯ ಮೇಲೆ, ಒಂದನ್ನು ಹೆಗಲ ಮೇಲೆ ಹೊತ್ತು, ಖಾಲಿ ಕೈ ಬೀಸಿಕೊಂಡು ನಡೆದಳು. ಬಂಡಮ್ಮ ಹಿಂದೆ ಓಡಬೇಕಾಯಿತು.

ಶುಕ್ರವಾರ ಹೆಂಗಸರು ಹಸಿರು ಸೀರೆಯ ಕಸ್ತೂರಿಗೆ ಉಡಿ ತುಂಬಿದರು. ತರಗತಿ ಮುಗಿಸಿ ಬಂದ ನಕಾಟೊ, ಜೀನ್ಸಿನಲ್ಲಿ, ಫಾರ್ಮಿದ್ದ ಫೈಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಂಡಮ್ಮ ಅಕ್ಕಿಯ ಮೊರ ಹಿಡಿದು ಅವಳ ಮುಂದೆ ಬಂದಳು.

"ಉಡಿ ಒಡ್ಡು."

ಸೆರಗಿರಲಿಲ್ಲ. ಕಸ್ತೂರಿ ಸೆರಗು ಒಡ್ಡಿದ್ದನ್ನು ನೋಡಿದ್ದ ನಕಾಟೊ ತನ್ನ ಬಳಿ ಇದ್ದುದನ್ನೇ ಒಡ್ಡಿದಳು. ಹೆಂಗಸರು ನಕ್ಕರು. ಬಂಡಮ್ಮ ನಗದೆ, ತೆರೆದ ಫೈಲಿನೊಳಕ್ಕೆ ಐದು ಹಿಡಿ ಅಕ್ಕಿ ಹಾಕಿದಳು, ಮೇಲೊಂದು ಕೆಂಪು ಬಾಳೆಹಣ್ಣು ಇಟ್ಟಳು. ಆಮೇಲೆ ಅಕ್ಕಿಯೊಳಗೆ ಕೈಯಾಡಿಸಿ ಕಾಗದ ಹೊರತೆಗೆದಳು.

"ಪೆನ್ನು ಕೊಡ."

ಶನಿವಾರ ಪೊಲೀಸ್ ಕಚೇರಿಯ ಗುಮಾಸ್ತ ಸೂರ್ಯಕಾಂತ ಫೈಲು ಬಿಚ್ಚಿ ಕೊಡವಿದ. ಮೂಲೆಯಲ್ಲಿ ಉಳಿದಿದ್ದ ಅಕ್ಕಿಕಾಳು ಮೇಜಿನ ಮೇಲೆ ಉರುಳಿದವು. ಫಾರ್ಮಿನ ಅಂಚಿನಲ್ಲಿ, ಸಹಿಯ ಪಕ್ಕ, ಅರಿಶಿನದ ಹೆಬ್ಬೆಟ್ಟಿನ ಗುರುತಿತ್ತು. ಆತ ಅದನ್ನು ನೋಡಿದ, ಎದುರಿಗೆ ಕುಳಿತವಳನ್ನು ನೋಡಿದ.

"ಬಾಡಿಗಿ ಮನಿ ಅಂತ ಬರದೀರಲ್ಲ?"

"ಹೌದ್ರಿ," ಎಂದಳು ನಕಾಟೊ.

ಸೂರ್ಯಕಾಂತ ಎತ್ತಿದ್ದ ಮುದ್ರೆಯನ್ನು ಪಕ್ಕಕ್ಕಿಟ್ಟು, ಒಂದು ಕಾಳೂ ನೆಲಕ್ಕೆ ಬೀಳದಂತೆ ಉಡಿಯ ಅಕ್ಕಿಯನ್ನು ಅಂಗೈಗೆ ಬಳಿದುಕೊಂಡು, ಮೊದಲು ಅದನ್ನು ಅವಳ ಕೈಗೆ ಕೊಟ್ಟ.