ಬೈಗುಳದ ಪಾಠ

“ಹೊಗಳೋದೆಲ್ಲ ಬೇಡ. ಬೈಯೋದನ್ನ ಮಾತ್ರ ಕಲಿಸಿ.”

ಕುರ್ಚಿಯಲ್ಲಿ ಕೂರುವ ಮೊದಲೇ ಅವನು ಹಾಗೆಂದಾಗ ಟೀಚರಿಗೆ ಮೈ ಉರಿಯಿತು. ಫ್ರೆಂಚ್ ಹೋಟೆಲುಗಳಿಗೆ ಊಟಕ್ಕೆ ಹೋಗುವವರಿಗಾಗಿ ಆಕೆ ಮನೆಯ ಮುಂದಿನ ಕೋಣೆಯಲ್ಲಿ ಫ್ರೆಂಚ್ ಪಾಠ ಹೇಳುತ್ತಿದ್ದಳು. ಬರುವವರು ಸೂಪಿಗೆ ಏನನ್ನುತ್ತಾರೆ, ಬ್ರೆಡ್ಡಿಗೆ ಏನನ್ನುತ್ತಾರೆ ಎಂದು ಕೇಳುತ್ತಿದ್ದರು. ‘ಬೊನ್ ಅಪೆತೀ’, ಚೆನ್ನಾಗಿ ಊಟ ಮಾಡಿ, ಎನ್ನಲು ಬಂದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಇವನ ವರಸೆಯೇ ಬೇರೆ. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಮಿರಮಿರನೆ ಹೊಳೆಯುವ ಬೂಟು, ಮೂಗಿನ ತುದಿಯಲ್ಲಿ ಸಿಟ್ಟು.

ಆಕೆಯ ತಮ್ಮ ಅಂಥದೇ ಹೋಟೆಲಿನಲ್ಲಿ ಬಡಿಸುತ್ತಿದ್ದ. ಯಾರೋ ದೊಡ್ಡ ಮನುಷ್ಯ ಎಲ್ಲರೆದುರು ಛೀಮಾರಿ ಹಾಕಿದ ಮೇಲೆ ಕೆಲಸ ಬಿಟ್ಟು ಮನೆಯ ಮೂಲೆ ಹಿಡಿದಿದ್ದ. ಈಗ ಅಂಥ ಇನ್ನೊಬ್ಬನ ಕೈಗೆ ತಾನೇ ಚೂರಿ ಕೊಡಬೇಕೇ? ಆಗಲಿ, ಮೊದಲು ಇವನೇ ರುಚಿ ನೋಡಲಿ ಎಂದುಕೊಂಡಳು.

“ಲಾ ಸೂಪ್ ಎ ಫ್ರ್ವಾದ್. ಅಂದ್ರೆ, ಸೂಪು ತಣ್ಣಗಿದೆ. ಎಲ್ಲಿ, ನೀವು ಹೇಳಿ.”

“ನಾನು ಹೇಳೋದು ಹಾಗಿರ್ಲಿ. ನೀವೇ ಇನ್ನೂ ಬೇಗ ಹೇಳಿ. ನಗ್ತಾ ಹೇಳಿ.”

“ಬೈಯೋವಾಗ ನಗೋದ್ಯಾಕೆ?”

“ದೊಡ್ಡ ಹೋಟೆಲಲ್ಲಿ ಹಾಗೇ ಬೈಯೋದು. ಮೇಜಿನ ಸುತ್ತ ಕೂತೋರೂ ನಗ್ಬೇಕಲ್ಲ.”

ಎಂಥ ನೀಚ! ಟೀಚರ್ ಎದ್ದು ಅವನ ಮುಖದೆದುರೇ ನಿಂತಳು. ತುಟಿಯ ಮೇಲೆ ನಗು ಅಂಟಿಸಿಕೊಂಡು ಶುರುಮಾಡಿದಳು. ‘ಸೆ ತ್ರೋ ಸಲೇ’, ಬರೀ ಉಪ್ಪು ಸುರಿದಿದ್ದೀಯ. ಮಾಂಸ ಕರಕಲಾಗಿದೆ. ‘ಕೆಲ್ ಇದ್ಯೋ’, ಎಂಥ ಪೆದ್ದ. ಇವನು ತಂದಿಟ್ಟದ್ದನ್ನು ನಾಯಿಯೂ ಮೂಸುವುದಿಲ್ಲ. ಫ್ರೆಂಚಿನಲ್ಲಿ ಅಂದದ್ದರ ಅರ್ಥ ಬಿಡಿಸಿ ಹೇಳುವಾಗ ಇನ್ನಷ್ಟು ಖಾರ ಬೆರೆಸಿದಳು. ತಮ್ಮ ನುಂಗಿಕೊಂಡಿದ್ದೆಲ್ಲ ಅಕ್ಕನ ಬಾಯಿಂದ ಹೊರಬಂತು. ಆಕೆಗೆ ಒಳಗೊಳಗೇ ಹಿತವೂ ಆಯಿತು.

ಅವನು ಒಂದನ್ನೂ ತಿರುಗಿ ಹೇಳಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು.

“ಆ ನಾಯಿದು ಇನ್ನೊಂದ್ಸಲ ಹೇಳಿ.”

ಫ್ರೆಂಚಿನಲ್ಲೇ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳಿದ.

“ಇದೇ. ಇದನ್ನೇ ಹುಡುಕ್ತಿದ್ದೆ” ಎಂದ.

ಟೀಚರಿಗೆ ತಡೆಯಲಾಗಲಿಲ್ಲ. “ಸಾಕು, ಎದ್ದು ನಡೀರಿ! ನಿಮ್ಮಂಥೋರಿಗೆ ಕಲಿಸಿ ಆ ಪಾಪ ನಂಗೆ ಸುತ್ಕೊಳ್ಳೋದು ಬೇಡ. ಇವತ್ತು ಯಾವ ಬಡಪಾಯಿ ಮೇಲೆ ಹರಿಹಾಯೋಕೆ ಹೊರಟಿದೀರೋ!”

ಅವನು ಎದ್ದ. ಕುರ್ಚಿಯನ್ನು ಒಂದಿಷ್ಟೂ ಸದ್ದಾಗದಂತೆ ಮೇಜಿನ ಕೆಳಗೆ ಸರಿಸಿದ. ಬಾಗಿಲ ಬಳಿ ಹೋಗಿ ನಿಂತ. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ನಾನು ಬಡಿಸೋನು ಮೇಡಂ. ಇಷ್ಟು ದಿನ ಊಟಕ್ಕೆ ಬಂದೋರು ಹೀಗೆ ನಗ್ತಾ ಅಂದಾಗೆಲ್ಲ, ಊಟ ಮೆಚ್ಕೊಂಡ್ರು ಅಂತ ಅಡುಗೆಮನೆಗೆ ಓಡಿಹೋಗಿ ಹೇಳ್ತಿದ್ದೆ.”